ಶನಿವಾರದ ಗಾಳಿ

ತಪ್ಪು ಹುಡುಕುವ ಯಂತ್ರ ಬರುತ್ತದೆ ಎಂಬ ಸುದ್ದಿ ಕೇಳಿ ಹೊಸಕಟ್ಟೆಪುರಕ್ಕೆ ಹೊಸಕಟ್ಟೆಪುರವೇ ಖುಷಿಪಟ್ಟಿತು. ಎದೆ ಧಸಕ್ಕೆಂದದ್ದು ಒಬ್ಬನಿಗೆ ಮಾತ್ರ. ಅವನೇ ನೀರು ಬಿಡುವ ರಂಗಶಾಮಯ್ಯ.

ರಂಗಶಾಮಯ್ಯ ಈ ಊರಿಗೆ ಮೂವತ್ತಮೂರು ವರ್ಷ ನೀರು ಬಿಟ್ಟವನು. ಆಳೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವನು ಬೀದಿಗೆ ಬಂದನೆಂದರೆ ಹೆಂಗಸರು ಮಾತು ನಿಲ್ಲಿಸಿ ಕೊಡ ಎತ್ತಿಕೊಳ್ಳುತ್ತಿದ್ದರು. ಮನೆಯಲ್ಲಿ ಮದುವೆ ಇಟ್ಟುಕೊಳ್ಳುವವರು ಪುರೋಹಿತರನ್ನು ಕೇಳಿದ ಮೇಲೆ ಇವನನ್ನೂ ಒಂದು ಮಾತು ಕೇಳುತ್ತಿದ್ದರು. ಈಗ ಎರಡು ವರ್ಷದಿಂದ ವಾಲ್ವುಗಳನ್ನು ಮೋಟರುಗಳು ತಿರುಗಿಸುತ್ತವೆ. ಆ ಮೋಟರುಗಳು ಕಂಟ್ರೋಲ್ ರೂಮಿನ ಒಂದು ಸಾಫ್ಟ್‌ವೇರ್ ಹೇಳಿದಂತೆ ಕೇಳುತ್ತವೆ. ಆ ಸಾಫ್ಟ್‌ವೇರಿಗೆ ಪಾಠ ಹೇಳಿದ ಗುರು ಮತ್ತೆ ರಂಗಶಾಮಯ್ಯನೇ. ಅವನು ನಿವೃತ್ತನಾಗುವ ಮೊದಲು ಆರು ತಿಂಗಳು ಅವನ ಕೀಲಿಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆಯೊಂದನ್ನು ಕಟ್ಟಿದ್ದರು. ಯಾವ ಬೀದಿಯ ವಾಲ್ವು ಎಷ್ಟು ಸುತ್ತು ತೆರೆಯಿತು, ಎಷ್ಟು ಹೊತ್ತಿಗೆ ಮುಚ್ಚಿತು ಎಂಬುದನ್ನೆಲ್ಲ ಅದು ಬರೆದುಕೊಂಡಿತು. ಅದನ್ನೆಲ್ಲ ನಿಯಮಗಳಾಗಿ ಬರೆದವಳು ನಾಜ್ನೀನ್ ಎಂಬ ಇಪ್ಪತ್ತೇಳು ವರ್ಷದ ಎಂಜಿನಿಯರ್. ರಂಗಶಾಮಯ್ಯನ ತಲೆಯನ್ನೇ ಕಂಪ್ಯೂಟರಿಗೆ ಇಳಿಸಿದ್ದೇವೆ ಎಂದು ನಗರಸಭೆಯವರು ಬೀಗಿದರು. ಇಳಿಸಿದ ಮೇಲೂ ಮೂಲಪ್ರತಿ ಕೈಗೆ ಸಿಗುವಂತಿರಲಿ ಎಂದು ಅವನನ್ನು ಸಲಹೆಗಾರನೆಂದು ಕರೆದು, ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದ್ದರು.

ಎಲ್ಲಾ ಸರಿ, ಶನಿವಾರ ಮಾತ್ರ ಸರಿಯಿಲ್ಲ. ವಾರದ ಆರು ದಿನ ಚೆನ್ನಾಗಿ ಬರುವ ನೀರು ಶನಿವಾರ ಕುಂಬಾರಗುಂಡಿಗೆ ಬರುವುದೇ ಇಲ್ಲ. ನಲ್ಲಿಗಳು ಎರಡು ಸಲ ಕೆಮ್ಮಿ ಸುಮ್ಮನಾಗುತ್ತವೆ. ನಾಜ್ನೀನ್ ನಲವತ್ತು ಸಾವಿರ ಸಾಲುಗಳ ಆ ಸಾಫ್ಟ್‌ವೇರನ್ನು ಮೂರು ತಿಂಗಳು ಜಾಲಾಡಿ ಕಣ್ಣು ಕೆಂಪಾಗಿಸಿಕೊಂಡಳು. ಹೆಂಗಸರು ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತು ನಗರಸಭೆಗೆ ಹಿಡಿಶಾಪ ಹಾಕಿದರು. ಅವರ ಮುಂದಾಳು ಹನುಮಕ್ಕ. ಹನುಮಕ್ಕ ರಂಗಶಾಮಯ್ಯನ ಹೆಂಡತಿ.

ಇಷ್ಟರಲ್ಲಿ ಯಂತ್ರ ಬಂದೇ ಬಂತು. ಅದಕ್ಕೆ ದೋಷಾನ್ವೇಷಕ ಎಂಬ ಹೆಸರಿತ್ತು. ಅದು ಗ್ರಂಥಗಳ ಕನ್ನಡದಲ್ಲೇ ಮಾತಾಡುತ್ತಿದ್ದುದರಿಂದ ಕಂಟ್ರೋಲ್ ರೂಮಿನವರು ಮೊದಲ ದಿನವೇ ಪಂಡಿತ ಎಂದು ಕರೆದರು.

"ಇದು ಹೆಂಗ್ ಹುಡುಕ್ತೈತೆ ಮೇಡಮ್ಮು?" ರಂಗಶಾಮಯ್ಯ ಆಸಕ್ತಿ ಇರುವವನಂತೆ ಕೇಳಿದ. ಅವನಿಗೆ ಬೇಕಾಗಿದ್ದದ್ದು ಅದು ಹೇಗೆ ಹುಡುಕಲಾರದು ಎಂಬ ವಿಷಯ.

ನಾಜ್ನೀನ್ ಕುರ್ಚಿ ತಿರುಗಿಸಿ ಕೂತಳು. "ಯಜಮಾನ್ರೇ, ಮದುವೆ ಊಟ ಮಾಡಿ ಹತ್ತು ಜನಕ್ಕೆ ಹೊಟ್ಟೆ ಕೆಡ್ತು ಅಂದ್ಕೊಳ್ಳಿ. ನೀವೇನ್ ಮಾಡ್ತೀರಾ? ಕೆಟ್ಟೋರೆಲ್ಲ ಏನ್ ತಿಂದಿದ್ರು, ಚೆನ್ನಾಗಿರೋರು ಏನ್ ತಿಂದಿಲ್ಲ ಅಂತ ವಿಚಾರಿಸ್ತೀರಾ. ಕೆಟ್ಟೋರೆಲ್ಲ ಮೊಸರುಗೊಜ್ಜು ತಿಂದಿದ್ದು, ಉಳಿದೋರು ಮುಟ್ಟಿಲ್ಲ ಅಂದ್ರೆ ಗೊಜ್ಜಿನ ಮೇಲೆ ಅನುಮಾನ. ಪಂಡಿತ ಮಾಡೋದೂ ಅದೇ. ನಮ್ಮೂರಿನ ಪೈಪು, ನಲ್ಲಿ ಎಲ್ಲಾದ್ರದ್ದೂ ಒಂದು ನಕಲು ಮಾಡ್ಕೊಂಡು ಒಂದೇ ಶನಿವಾರಾನ ಹತ್ತು ಸಾವಿರ ಸಲ ಓಡಿಸತ್ತೆ. ಕುಂಬಾರಗುಂಡಿ ಒಣಗಿದಾಗೆಲ್ಲ ಯಾವ ಸಾಲು ಕೆಲಸ ಮಾಡ್ತಿತ್ತು, ಒಣಗದೇ ಇದ್ದಾಗ ಯಾವ್ದು ಸುಮ್ನಿತ್ತು ಅಂತ ನೋಡಿ, ಪ್ರತಿ ಸಾಲಿಗೂ ನೂರಕ್ಕೆ ಇಷ್ಟು ಅಂತ ಅನುಮಾನದ ಅಂಕ ಕೊಡತ್ತೆ."

"ಆಮ್ಯಾಕೆ?"

"ಆಮೇಲೆ ಜಾಸ್ತಿ ಅಂಕ ಬಂದ ಸಾಲನ್ನ ಎತ್ತಿಟ್ಟು ಇನ್ನೊಂದ್ಸಲ ಓಡಿಸತ್ತೆ. ನೀರು ಬಂದ್ರೆ ಅದೇ ಕಳ್ಳ. ಆದ್ರೆ ಸೀದಾ ಅಳಿಸಲ್ಲ. ಆ ಸಾಲನ್ನ ಯಾಕೆ ಬರೆದ್ರು ಅಂತ ಅದಕ್ಕೆ ಅರ್ಥ ಆಗ್ಬೇಕು. ಅರ್ಥ ಆಗದೇ ಇರೋದನ್ನ ಅಳಿಸಬಾರ್ದು ಅನ್ನೋದು ಅದರ ನೇಮ."

ರಂಗಶಾಮಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡ. ಫ್ಯಾನು ಜೋರಾಗಿಯೇ ತಿರುಗುತ್ತಿತ್ತು.

ಅವತ್ತೆಲ್ಲ ಅವನು ಪಂಡಿತನಿಗೆ ಸಲಹೆಯ ಮೇಲೆ ಸಲಹೆ ಕೊಟ್ಟ. ಅದಕ್ಕಾಗಿಯೇ ತಾನೆ ಅವನನ್ನು ಇಟ್ಟುಕೊಂಡಿರುವುದು. "ಹೆಗ್ಗಣ ವೈರು ಕಡ್ದಿರ್‌ಬೌದು, ನೋಡಪ್ಪ" ಎಂದ.

"ಹೆಗ್ಗಣಗಳು ವಾರದ ದಿನಗಳನ್ನರಿಯವು, ಶ್ರೀಯುತರೆ" ಎಂದಿತು ಪಂಡಿತ.

"ಕುಂಬಾರಗುಂಡಿ ತಗ್ಗಲ್ಲೈತೆ. ಪೈಪಲ್ಲಿ ಹೂಳು ತುಂಬೈತೆ."

"ಹೂಳು ಭಾನುವಾರ ತಾನಾಗಿ ಕರಗುವುದೆ?"

ಸಂಜೆಯ ಹೊತ್ತಿಗೆ ಮೂರು ಸಾವಿರದ ನೂರಾ ಹದಿನೆಂಟನೆಯ ಸಾಲಿನ ಅನುಮಾನದ ಅಂಕ ತೊಂಬತ್ತೇಳಕ್ಕೆ ಹೋಗಿ ನಿಂತಿತು. ಅದನ್ನು ಎತ್ತಿಟ್ಟು ಓಡಿಸಿದಾಗ ಪರದೆಯ ಮೇಲಿನ ನಕಲಿ ಕುಂಬಾರಗುಂಡಿಯಲ್ಲಿ ನಕಲಿ ನೀರು ಧಾರಾಕಾರ ಸುರಿಯಿತು. ಆ ಸಾಲಿನಲ್ಲಿ ಇದ್ದದ್ದು ಇಷ್ಟೇ. ಶನಿವಾರವಾದರೆ ಹುಣಸೇಮರದ ಬೀದಿಯ ವಾಲ್ವನ್ನು ಇನ್ನೂ ನಲವತ್ತು ನಿಮಿಷ ತೆರೆದಿಡು. ಪಕ್ಕದಲ್ಲಿ ನಾಜ್ನೀನ್ ಬರೆದ ಟಿಪ್ಪಣಿ: ಕಾರಣ, ಶನಿವಾರದ ಗಾಳಿ.

"ಎಲ್ಲಿ ಎಂಬುದು ತಿಳಿಯಿತು" ಎಂದಿತು ಪಂಡಿತ. "ಏಕೆ ಎಂಬುದು ತಿಳಿಯದು. ಗಾಳಿಯೂ ವಾರವನ್ನರಿಯದು."

ಏಕೆ ಎಂಬುದು ರಂಗಶಾಮಯ್ಯನಿಗೆ ಗೊತ್ತಿತ್ತು.

ಹದಿನೆಂಟು ವರ್ಷದ ಹಿಂದೆ ಮಗಳು ರಂಗನಾಯಕಿಗೆ ಆರು ವರ್ಷವಾಗಿದ್ದಾಗ ಇಪ್ಪತ್ತೊಂದು ದಿನ ಜ್ವರ ಬಿಡಲಿಲ್ಲ. ಡಾಕ್ಟರು ಸೂಜಿ ಚುಚ್ಚಿದರು, ಹನುಮಕ್ಕ ಮಗುವಿನ ತಲೆಯ ಹತ್ತಿರದಿಂದ ಏಳಲಿಲ್ಲ. ಕೊನೆಗೆ ರಂಗನಾಥಸ್ವಾಮಿಗೆ ಕೈಮುಗಿದು, ಮಗು ಎದ್ದು ಕೂತರೆ ಗಂಡಹೆಂಡತಿ ಇಬ್ಬರೂ ಬದುಕಿರುವ ತನಕ ಶನಿವಾರ ಒಪ್ಪತ್ತು ಮಾಡುತ್ತೇವೆ ಎಂದು ಹರಕೆ ಹೊತ್ತಳು. ಇಬ್ಬರ ಪರವಾಗಿಯೂ ಅವಳೇ ಹೊತ್ತಳು. ಮಾರನೆಯ ದಿನ ಮಗು ಎದ್ದು ಕೂತು ಗಂಜಿ ಕೇಳಿತು. ಅಂದಿನಿಂದ ಶನಿವಾರ ಆ ಮನೆಯಲ್ಲಿ ಸಂಜೆ ದೀಪ ಹಚ್ಚಿ ಪೂಜೆಯಾಗುವ ತನಕ ಒಲೆ ಉರಿಯುವುದಿಲ್ಲ.

ಮೂರು ವರ್ಷ ರಂಗಶಾಮಯ್ಯ ಹಲ್ಲು ಕಚ್ಚಿ ನಡೆಸಿದ. ಆಮೇಲೊಂದು ಬೇಸಗೆಯ ಶನಿವಾರ ಹುಣಸೇಮರದ ಬೀದಿಯ ವಾಲ್ವು ತಿರುಗಿಸಿ ಎದ್ದವನಿಗೆ ಕಣ್ಣು ಕತ್ತಲೆ ಬಂತು. ಎದುರಿಗೇ ಜಯಕ್ಕನ ಮನೆ ಹೋಟೆಲು. ಆಗ ತಾನೆ ಇಳಿಸಿದ ತಟ್ಟೆ ಇಡ್ಲಿಯ ಹಬೆ ಬೀದಿಗೆ ಬರುತ್ತಿತ್ತು. ಒಂದೇ ಒಂದು ಎಂದು ಒಳಗೆ ಹೋದ. ಮುಂದಿನ ವಾರ ಒಂದು ಎರಡಾಯಿತು, ವರ್ಷ ಕಳೆಯುವುದರೊಳಗೆ ನಾಲ್ಕು ತಟ್ಟೆ ಇಡ್ಲಿ, ಎರಡು ಬೋಂಡ, ಮೇಲೊಂದು ಲೋಟ ಕಾಫಿಗೆ ಬಂದು ನಿಂತಿತು. ನಿವೃತ್ತನಾದ ಮೇಲೂ ಅದು ತಪ್ಪಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ಒಳಮನೆಯಲ್ಲಿ ಒಲೆಯ ಪಕ್ಕ ಕೂತು ನಿಧಾನವಾಗಿ ತಿಂದು ಬಾಯಿ ಮುಕ್ಕಳಿಸಿ ಬರಲು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತೂ ಕೀಲಿ ಗೋಡೆಗೊರಗಿರುತ್ತಿತ್ತು, ವಾಲ್ವು ತೆರೆದೇ ಇರುತ್ತಿತ್ತು, ಕುಂಬಾರಗುಂಡಿಯ ನೀರೆಲ್ಲ ಹುಣಸೇಮರದ ಬೀದಿಯ ಸಂಪುಗಳಿಗೆ ಇಳಿಯುತ್ತಿತ್ತು. ಕುಂಬಾರಗುಂಡಿ ತನ್ನದೇ ಬೀದಿಯಾದ್ದರಿಂದ ಸಂಜೆ ಐದರ ಮೇಲೆ ಒಂದರ್ಧ ಗಂಟೆ ಸದ್ದಿಲ್ಲದೆ ನೀರು ಬಿಟ್ಟು ಅವನು ಎಲ್ಲವನ್ನೂ ಸರಿದೂಗಿಸುತ್ತಿದ್ದ. ಆದರೆ ಕೀಲಿಗೆ ಕಟ್ಟಿದ್ದ ಪೆಟ್ಟಿಗೆ ಸರ್ಕಾರದ್ದು. ಕಚೇರಿ ಸಮಯ ಮುಗಿದ ಕೂಡಲೇ ಅದು ಬರೆಯುವುದನ್ನು ನಿಲ್ಲಿಸುತ್ತಿತ್ತು. ಹೀಗಾಗಿ ಸಾಫ್ಟ್‌ವೇರು ಅವನ ತಪ್ಪನ್ನು ಚಾಚೂತಪ್ಪದೆ ಕಲಿಯಿತು, ಅವನು ಹಾಕುತ್ತಿದ್ದ ತೇಪೆಯನ್ನು ಕಲಿಯಲಿಲ್ಲ.

ಈ ನಲವತ್ತು ನಿಮಿಷ ಯಾಕೆ ಎಂದು ನಾಜ್ನೀನ್ ಆಗಲೇ ಒಂದು ದಿನ ಕೇಳಿದ್ದಳು. ತಡವರಿಸದೆ ಅವನು ಹೇಳಿಬಿಟ್ಟಿದ್ದ: "ಶನಿವಾರ ಪೈಪಲ್ಲಿ ಗಾಳಿ ಜಾಸ್ತಿ ಮೇಡಮ್ಮು. ಅದು ಹೋಗಕ್ಕೆ ನಲ್ವತ್ ನಿಮಿಷ ಬೇಕು." ಮೂವತ್ತಮೂರು ವರ್ಷದ ಅನುಭವದ ಬಾಯಲ್ಲಿ ಬಂದ ಮಾತೆಂದು ಆ ಹುಡುಗಿ ಭಕ್ತಿಯಿಂದ ಬರೆದುಕೊಂಡಳು. ಮೂರು ತಿಂಗಳು ಜಾಲಾಡುವಾಗಲೂ ಆ ಸಾಲಿನ ಮೇಲೆ ಮಾತ್ರ ಅವಳಿಗೆ ಅನುಮಾನ ಬರಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪೌರಾಯುಕ್ತ ಶಿವನಂಜಪ್ಪನವರು ಕಂಟ್ರೋಲ್ ರೂಮಿನಲ್ಲೇ ಸಭೆ ಕರೆದರು. ಕುಂಬಾರಗುಂಡಿಯ ಹೆಂಗಸರು ಖಾಲಿ ಕೊಡಗಳ ಸಮೇತ ಬಂದು ನೆಲದ ಮೇಲೆ ಕೂತರು. ಹನುಮಕ್ಕ ಮುಂದಿನ ಸಾಲಿನಲ್ಲಿ ಕೂತಳು.

ಪೌರಾಯುಕ್ತರು ಆ ಸಾಲನ್ನು ಎರಡು ಸಲ ಓದಿದರು. "ಹುಣಸೇಮರದ ಬೀದೀಲಿ ಯಾರ ಮನೆ ಇದೆ ಗೊತ್ತೇನಮ್ಮ? ನೀರಿನ ಸ್ಥಾಯಿ ಸಮಿತಿ ಅಧ್ಯಕ್ಷರದು. ಎರಡು ಸಂಪು, ಮೇಲೊಂದು ಹೂದೋಟ. ಅವರ ಬೀದಿಗೆ ಮಾತ್ರ ನಲವತ್ತು ನಿಮಿಷ ಜಾಸ್ತಿ. ಬರೆದವಳು ನೀನು. ಏನಿದರ ಅರ್ಥ?"

ನಾಜ್ನೀನಳ ಮುಖ ಬಿಳಿಚಿಕೊಂಡಿತು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಸರ್, ಅಧ್ಯಕ್ಷರ ಮನೆ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ. ಅದು ಶನಿವಾರದ ಗಾಳಿ. ಯಜಮಾನ್ರೇ ಹೇಳಿದ್ದು."

ಎಲ್ಲರೂ ರಂಗಶಾಮಯ್ಯನ ಕಡೆ ತಿರುಗಿದರು. ಹನುಮಕ್ಕನೂ ತಿರುಗಿದಳು. ನನ್ನ ಗಂಡ ಎಲ್ಲ ಬಿಡಿಸಿ ಹೇಳುತ್ತಾನೆ, ನೋಡಿ ಎಂಬ ಹೆಮ್ಮೆ ಅವಳ ಮುಖದ ಮೇಲಿತ್ತು. ಅದನ್ನು ನೋಡಿ ರಂಗಶಾಮಯ್ಯ ನೆಲದ ಕಡೆ ಕಣ್ಣಿಳಿಸಿದ.

"ನಂಗೆ ನೆಪ್ಪಿಲ್ಲ ಸಾಮಿ" ಎಂದುಬಿಟ್ಟ.

ನಾಜ್ನೀನ್ ಅವನನ್ನೇ ನೋಡಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಪೌರಾಯುಕ್ತರು ಗುಮಾಸ್ತನಿಗೆ ಅಮಾನತಿನ ಆದೇಶ ತಯಾರಿಸಲು ಹೇಳಿದರು. ಪ್ರಿಂಟರು ಗೊರಗೊರ ಎನ್ನತೊಡಗಿತು.

"ಆದೇಶಕ್ಕೆ ಮುನ್ನ ಒಂದು ವಿಜ್ಞಾಪನೆ" ಎಂದಿತು ಪಂಡಿತ. "ಏಕೆ ಎಂಬುದು ಇನ್ನೂ ತಿಳಿದಿಲ್ಲ. ಅರ್ಥವಾಗದುದನ್ನು ಅಳಿಸಲಾಗದು. ಈ ಶನಿವಾರವೂ ಕುಂಬಾರಗುಂಡಿಗೆ ನೀರಿರದು."

ಹೆಂಗಸರು ಗಲಾಟೆ ಎಬ್ಬಿಸಿದರು. ಹನುಮಕ್ಕ ಎದ್ದು ನಿಂತಳು. "ಅಲ್ಲ ಸಾಮಿ, ಶನಿವಾರ ನಂಗೆ ಒಪ್ಪತ್ತು. ಹೊಟ್ಟೇಲಿ ಏನೂ ಇಲ್ದೆ ಟ್ಯಾಂಕರಿಂದ ಹದಿನಾರು ಕೊಡ ಹೊತ್ತು ತರ್ತೀನಿ. ನಮ್ಮನೆಯೋರೂ ಒಪ್ಪತ್ತೇ, ಅವರ್ ಕೈಲಿ ಹೊರ್ಸೋಕೆ ಮನ್ಸು ಬರಾಕಿಲ್ಲ. ಎರಡು ವರ್ಷ ಆಯ್ತು. ಯಾರ್ ಮಾಡಿದ್ರೋ, ಯಾಕ್ ಮಾಡಿದ್ರೋ, ಒಂದು ಹೇಳ್ರಪ್ಪ!"

ರಂಗಶಾಮಯ್ಯನಿಗೆ ಇನ್ನು ಕೂತಿರಲು ಆಗಲಿಲ್ಲ. ಪ್ರಿಂಟರಿನಿಂದ ಕಾಗದದ ತುದಿ ಹೊರಬರುತ್ತಿತ್ತು. ಆ ಕಡೆ ಹುಡುಗಿಯ ಅನ್ನ ಹೋಗುತ್ತದೆ, ಈ ಕಡೆ ಮನೆ ಹೋಗುತ್ತದೆ. ಮನೆ ತನ್ನದು, ತಪ್ಪೂ ತನ್ನದು ಎಂದುಕೊಂಡು ಎದ್ದ.

"ಮೇಡಮ್ಮಂದೇನೂ ತೆಪ್ಪಿಲ್ಲ ಸಾಮಿ. ಗಾಳಿ ಅಂತ ಸುಳ್ಳು ಹೇಳ್ದೋನು ನಾನು." ಹೆಂಡತಿಯ ಕಡೆ ನೋಡದೆ ಮುಂದುವರಿಸಿದ. "ಆ ನಲ್ವತ್ ನಿಮಿಷ ನಾನು ಜಯಕ್ಕನ ಮನೇಲಿ ಇಡ್ಲಿ ತಿಂತಿದ್ದೆ."

ಪೌರಾಯುಕ್ತರು ಕನ್ನಡಕ ತೆಗೆದರು.

"ಪ್ರತಿ ಶನಿವಾರವೇ?" ಪಂಡಿತ ಕೇಳಿತು.

"ಹೂಂ."

"ಎಷ್ಟು ಇಡ್ಲಿ? ಅವಧಿಯೊಂದಿಗೆ ತಾಳೆ ನೋಡಬೇಕಿದೆ."

"ನಾಕು. ಎರಡು ಬೋಂಡ."

ಪಂಡಿತ ಲೆಕ್ಕ ಹಾಕಿತು. "ತಾಳೆಯಾಗುತ್ತದೆ. ಏಕೆ ಎಂಬುದು ತಿಳಿಯಿತು. ಕಾರಣ, ಹಸಿವು. ಸಾಲನ್ನು ಅಳಿಸಬಹುದು."

ಮೊದಲು ನಕ್ಕದ್ದು ಗುಮಾಸ್ತ. ಆಮೇಲೆ ಕೊಡಗಳೂ ಸೇರಿದಂತೆ ಇಡೀ ಕೋಣೆ ಗೊಳ್ಳೆಂದಿತು. ಪೌರಾಯುಕ್ತರು ನಗು ತಡೆಯಲಾರದೆ ಅಮಾನತಿನ ಕಾಗದದಲ್ಲೇ ಮುಖ ಒರೆಸಿಕೊಂಡರು. ನಾಜ್ನೀನ್ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. "ಯಜಮಾನ್ರೇ, ಶನಿವಾರದ ಗಾಳಿ ಬಗ್ಗೆ ನಾನು ಎಂಜಿನಿಯರಿಂಗ್ ಕಾಲೇಜಲ್ಲಿ ಒಂದು ಗಂಟೆ ಭಾಷಣ ಮಾಡ್ಬಂದಿದೀನಲ್ರೀ! ಇಬ್ರು ಹುಡುಗರು ಅದರ ಮೇಲೆ ಪ್ರಾಜೆಕ್ಟು ಮಾಡ್ತಿದಾರೆ!"

ಹನುಮಕ್ಕ ನಗಲಿಲ್ಲ. ನೆಲದ ಮೇಲಿದ್ದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಎಷ್ಟು ವರ್ಷ?" ಎಂದು ಒಂದೇ ಮಾತು ಕೇಳಿದಳು.

"ಹದಿನೈದು."

ಅವಳು ಹೊರಟುಹೋದಳು.

ಎರಡು ದಿನ ಆ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಹೊತ್ತುಹೊತ್ತಿಗೆ ತಟ್ಟೆಗೆ ಮುದ್ದೆ ಬೀಳುತ್ತಿತ್ತು, ಸಾರು ಬೀಳುತ್ತಿತ್ತು, ಹೆಂಡತಿಯ ಮುಖ ಮಾತ್ರ ಗೋಡೆಯ ಕಡೆ ಇರುತ್ತಿತ್ತು. ಬೈದರೆ ಬೈಸಿಕೊಳ್ಳಲು ರಂಗಶಾಮಯ್ಯ ತಯಾರಾಗಿದ್ದ. ಅವನಿಗೆ ಅರ್ಥವಾಗದ ಸಂಗತಿಯೆಂದರೆ, ಅವಳು ದಿನಕ್ಕೆ ನಾಲ್ಕು ಸಲ ಶಿರಾದಲ್ಲಿ ನರ್ಸಾಗಿದ್ದ ಮಗಳಿಗೆ ಫೋನು ಮಾಡಿ ಮೈ ಬಿಸಿ ಇದೆಯಾ, ತಲೆ ನೋಯುತ್ತಾ ಎಂದು ಕೇಳುತ್ತಿದ್ದುದು. ಶುಕ್ರವಾರ ಬೆಳಿಗ್ಗೆ ಮಗಳೇ ಅಪ್ಪನಿಗೆ ಫೋನು ಮಾಡಿ ರೇಗಿದಳು. "ಅಪ್ಪಾ, ಅಮ್ಮಂಗೆ ಏನಾಗೈತೆ? ಡ್ಯೂಟಿ ಮಾಡಕ್ಕೂ ಬಿಡ್ತಿಲ್ಲ. ಥರ್ಮಾಮೀಟ್ರು ಇಟ್ಕೊಂಡು ನೋಡು ಅಂತಾಳೆ!"

ಆಗ ಅವನಿಗೆ ಹೊಳೆಯಿತು. ಹನುಮಕ್ಕನದು ಸಿಟ್ಟಲ್ಲ, ಭಯ. ಹರಕೆ ಮುರಿದಿದೆ, ಮುರಿದದ್ದು ಈಗ ಎಲ್ಲರಿಗೂ ಗೊತ್ತಾಗಿದೆ, ಇನ್ನು ಮಗಳ ಗತಿಯೇನು ಎಂಬ ಭಯ. ನಾಲ್ಕು ಇಡ್ಲಿಗಾಗಿ ತಾನು ಇವಳ ಧೈರ್ಯವನ್ನೇ ತಿಂದು ಹಾಕಿದೆನಲ್ಲ ಎಂದುಕೊಂಡ. ಸಮಾಧಾನ ಹೇಳಲು ಒಳಗೆ ಹೋದರೆ ಹನುಮಕ್ಕ ಅಲ್ಲಿರಲಿಲ್ಲ. ಕಂಟ್ರೋಲ್ ರೂಮಿನ ದಾರಿ ಹಿಡಿದಿದ್ದಳು.

ಅವನು ಓಡೋಡಿ ಬಂದಾಗ ಅವಳು ಪಂಡಿತನ ಪರದೆಯ ಮುಂದೆ ಸೆರಗು ಬಿಗಿದು ನಿಂತಿದ್ದಳು. ನಾಜ್ನೀನ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು.

"ಸಾಲು ಎತ್ತಿಟ್ಟು ನೋಡೋದು ನಿಂಗೆ ಬತ್ತದಂತಲ್ಲ" ಎನ್ನುತ್ತಿದ್ದಳು ಹನುಮಕ್ಕ. "ಎಲ್ಲಾ ಹೇಳಿವ್ನಿ. ಜ್ವರ, ಡಾಕ್ಟ್ರು, ಹರಕೆ, ಇವರ ಇಡ್ಲಿ. ಈಗ್ ಹೇಳು. ನನ್ ಮಗಳು ಉಳಿದಿದ್ದು ಯಾವುದ್ರಿಂದ?"

"ಮಾತೆ, ಒಮ್ಮೆ ಮಾತ್ರ ನಡೆದುದರ ಕಾರಣವನ್ನು ಖಚಿತವಾಗಿ ಹೇಳಲಾಗದು" ಎಂದಿತು ಪಂಡಿತ. "ಮಗಳಿಗೆ ಮತ್ತೊಮ್ಮೆ ಜ್ವರ ಬರಿಸಿ, ಒಂದೊಂದನ್ನೇ ತೆಗೆದು..."

"ಥೂ, ನಿನ್ ಬಾಯಿಗ್ ಮಣ್ಣಾಕ!"

"ಆ ಪ್ರಯೋಗ ಬೇಡವೆಂದಾದರೆ ಒಂದನ್ನು ಮಾತ್ರ ಹೇಳಬಲ್ಲೆ. ಇಲ್ಲದಿದ್ದ ಸಾಲು ಕಾರಣವಾಗಲಾರದು. ಶ್ರೀಯುತರ ಉಪವಾಸ ಹದಿನೈದು ವರ್ಷ ಇರಲಿಲ್ಲ. ಆ ಹದಿನೈದು ವರ್ಷವೂ ಮಗಳು ಆರೋಗ್ಯದಿಂದಿದ್ದಳು. ಆದುದರಿಂದ ಅವರ ಉಪವಾಸವನ್ನು ಪಟ್ಟಿಯಿಂದ ತೆಗೆದಿದ್ದೇನೆ."

"ಪಟ್ಟೀಲಿ ಮತ್ಯಾವುದೈತೆ?"

"ವೈದ್ಯರ ಔಷಧ. ನಿಮ್ಮ ಆರೈಕೆ. ನಿಮ್ಮ ಒಪ್ಪತ್ತು."

ಹನುಮಕ್ಕ ಪಕ್ಕದಲ್ಲಿದ್ದ ಕುರ್ಚಿಯಲ್ಲಿ ಕೂತಳು. ಅದು ಸಲಹೆಗಾರನ ಕುರ್ಚಿ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಎರಡು ದಿನದ ಭಯವೆಲ್ಲ ಅಲ್ಲೇ ಕರಗಿಹೋಯಿತು. ಭಯ ಹೋದ ಜಾಗಕ್ಕೆ ಮೊದಲು ಹೆಮ್ಮೆ ಬಂತು, ಅದರ ಬೆನ್ನಿಗೇ ಸಿಟ್ಟು ಬಂತು.

"ಅಂದ್ರೆ ಹದಿನೈದು ವರ್ಷವೂ ನಾನೊಬ್ಳೇ ಎಳ್ದಿವ್ನಿ" ಎಂದಳು.

"ದತ್ತಾಂಶ ಹಾಗೆ ಹೇಳುತ್ತದೆ."

ಅವಳು ಗಂಡನ ಕಡೆ ತಿರುಗಿದಳು. ಎರಡು ದಿನದ ಮೇಲೆ ಮೊದಲ ಸಲ ಅವನ ಮುಖ ನೋಡಿದಳು. "ಕೇಳಿಸ್ತೇನ್ರೀ? ನಾಳೆಯಿಂದ ನಾನು ಉಣ್ತೀನಿ. ಹರಕೆ ಬಿಡೋ ಹಂಗಿಲ್ಲ, ಸ್ವಾಮಿಗೆ ಮಾತು ಕೊಟ್ಟಾಗೈತೆ. ಈಗ ನಿಮ್ ಸರದಿ. ನೀವು ಹಿಡೀರಿ."

ರಂಗಶಾಮಯ್ಯ ತಲೆಯಾಡಿಸಿದ.

ಶನಿವಾರ ಬೆಳಿಗ್ಗೆ ಕುಂಬಾರಗುಂಡಿಯ ನಲ್ಲಿಗಳು ಒಂದು ಸಲವೂ ಕೆಮ್ಮದೆ ನೀರು ಸುರಿಸಿದವು. ಹೆಂಗಸರ ಕೇಕೆ ಬೀದಿಯ ತುದಿಯ ತನಕ ಕೇಳಿಸಿತು. ಹನುಮಕ್ಕ ಜಗಲಿಯ ಮೇಲೆ ಕೂತು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಶನಿವಾರದ ಬೆಳಗಿನಲ್ಲಿ ರೊಟ್ಟಿ ಮುರಿದಳು. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಒಳಗೆ ದೇವರ ಪಟದ ಕಡೆ ಒಂದು ಸಲ ಕಳ್ಳನೋಟ ನೋಡಿದಳು. ಎರಡನೆಯ ತುತ್ತು ಸಲೀಸಾಗಿ ಇಳಿಯಿತು. ಮೂರನೆಯ ರೊಟ್ಟಿಯ ಹೊತ್ತಿಗೆ ಬೆಣ್ಣೆ ಸಾಲದು ಎನ್ನಿಸಿ ಎದ್ದು ತಂದುಕೊಂಡಳು.

ರಂಗಶಾಮಯ್ಯ ನಲ್ಲಿಯಿಂದ ಹಂಡೆಗೆ, ಹಂಡೆಯಿಂದ ನಲ್ಲಿಗೆ ಕೊಡ ಹೊತ್ತು ಓಡಾಡುತ್ತಿದ್ದ. ಹತ್ತನೆಯ ಕೊಡವನ್ನು ದಾರಿಯಲ್ಲಿ ಒಂದು ಸಲ ಇಳಿಸಿದ. ಹದಿಮೂರಕ್ಕೆ ಕಣ್ಣ ಮುಂದೆ ಚುಕ್ಕಿಗಳು ಕುಣಿದವು. ಈ ಹೊಟ್ಟೆಯಲ್ಲೇ ಅವಳು ಎರಡು ವರ್ಷ ಟ್ಯಾಂಕರಿನಿಂದ ಹೊತ್ತಳಲ್ಲ ಎಂದು ನೆನೆದು ಅವನಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಸಭೆಯಲ್ಲಿ ಆದದ್ದಲ್ಲ. ಹದಿನಾರನೆಯ ಕೊಡ ಸುರಿದು, ಜಗಲಿಯ ಕಂಬ ಹಿಡಿದು ಕೂತ.

"ಹನುಮಕ್ಕ, ನಿಂದು ದೊಡ್ಡ ಜೀವ ಕಣೆ" ಎಂದ.

ಅವಳು ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ತಟ್ಟೆಯನ್ನು ಮಾತ್ರ ಆ ಪಕ್ಕಕ್ಕೆ ಸರಿಸಿ ಇಟ್ಟುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ. "ಸಂಜೆ ಆಗ್ತಾ ಬಂತೇನೆ?"

"ಹತ್ತೂಕಾಲು" ಎಂದಳು ಹನುಮಕ್ಕ.